ಮಠ–ಮಂದಿರಗಳಿಲ್ಲದ ಅಧ್ಯಾತ್ಮ ಎಷ್ಟು ದೂರ ನಡೆಯಬಲ್ಲದು?

ಚನ್ನರಾಯಪಟ್ಟಣದ ಮೇಷ್ಟ್ರು:

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲಿರುವ ಬಾಹುಬಲಿ ಯಾವ ಮಠವನ್ನೂ ಕಟ್ಟಿದವನಲ್ಲ. ಗೆದ್ದ ರಾಜ್ಯವನ್ನು ಅಣ್ಣನಿಗೇ ಒಪ್ಪಿಸಿ, ಮೈಮೇಲೆ ಬಳ್ಳಿ ಹಬ್ಬುವವರೆಗೆ ಕದಲದೆ ಒಬ್ಬನೇ ನಿಂತವನು. ಆದರೆ ಆ ಒಂಟಿ ನಿಲುವನ್ನು ಇಂದು ನಾವು ಕಣ್ಣಾರೆ ಕಾಣುತ್ತಿರುವುದು ಸಾವಿರ ವರ್ಷಗಳ ಸಂಘಟಿತ ದುಡಿಮೆಯ ಫಲವಾಗಿ. ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ಆ 58 ಅಡಿಯ ಮೂರ್ತಿಯನ್ನು ಕಡೆಯಿಸಿದ. ಮಠವೊಂದು ಅದರ ಪೂಜೆಯ ಹೊಣೆ ಹೊತ್ತಿತು. ಅರಸರು ದತ್ತಿ ಬಿಟ್ಟರು. 2018ರಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ಅಟ್ಟಣಿಗೆ ಕಟ್ಟುವುದರಿಂದ ಹಿಡಿದು ಕುಡಿಯುವ ನೀರು, ಊಟ, ವಾಹನ ನಿಲುಗಡೆಯವರೆಗೆ ಎಷ್ಟು ಕೈಗಳು ದುಡಿದವೆಂಬುದನ್ನು ನಮ್ಮ ತಾಲ್ಲೂಕಿನವರೆಲ್ಲ ನೋಡಿದ್ದೇವೆ. ಎಲ್ಲವನ್ನೂ ಬಿಟ್ಟವನನ್ನು ನೆನೆಯಲು ಇಷ್ಟೆಲ್ಲವನ್ನೂ ಕೂಡಿಸಬೇಕಾಯಿತು.

ಈ ಚರ್ಚೆಯನ್ನು ಎತ್ತಲು ಕಾರಣವಿದೆ. ಹಾಸನ, ಚಿಕ್ಕಮಗಳೂರು ಕಡೆಯ ಓದಿದ ಮನೆಗಳಲ್ಲಿ "ನಮಗೆ ದೇವಸ್ಥಾನ, ಮಠ, ಪುರೋಹಿತರ ಗೊಡವೆ ಬೇಡ, ಬೆಳಿಗ್ಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತರೆ ಸಾಕು" ಎಂಬ ಮಾತು ಈಗ ಸಾಮಾನ್ಯವಾಗಿದೆ. ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಮತಧರ್ಮವೆಂದರೆ ಮನುಷ್ಯ ತನ್ನ ಏಕಾಂತದಲ್ಲಿ ದೈವವೆಂದು ಭಾವಿಸಿದ್ದರೊಡನೆ ಇಟ್ಟುಕೊಳ್ಳುವ ಸಂಬಂಧ ಎಂಬ ಅರ್ಥದಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ 1902ರ ಹೊತ್ತಿಗೇ ಬರೆದಿದ್ದರು. ಹತ್ತು ವರ್ಷಗಳ ನಂತರ, 1912ರಲ್ಲಿ, ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್ ಅದಕ್ಕೆ ನೇರ ಎದುರಾದ ನಿಲುವು ತಳೆದರು. ಒಂದು ನಂಬಿಕೆಯ ಸುತ್ತ ಸೇರಿದ ಸಮುದಾಯವಿಲ್ಲದೆ ಮತಧರ್ಮವೆಂಬುದೇ ಇಲ್ಲ ಎಂಬುದು ಅವರ ವಾದ. ನೂರು ವರ್ಷ ದಾಟಿದರೂ ನಾವು ಈ ಎರಡು ನಿಲುವುಗಳ ನಡುವೆಯೇ ಓಡಾಡುತ್ತಿದ್ದೇವೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಘಟಿತ ಧರ್ಮದ ಉದ್ದೇಶ ಅನುಭಾವವನ್ನು ಕೊಡುವುದಲ್ಲ. ಅದನ್ನು ಯಾವ ಸಂಸ್ಥೆಯೂ ಕೊಡಲಾರದು. ಅನುಭಾವ ಪಡೆದ ಒಬ್ಬರಿಂದ ಅದನ್ನು ಇನ್ನೂ ಪಡೆಯದ ನೂರು ಜನರಿಗೆ, ಇನ್ನೂ ಹುಟ್ಟದವರಿಗೆ, ದಾರಿಯನ್ನು ಉಳಿಸಿಕೊಡುವುದಷ್ಟೇ ಅದರ ಕೆಲಸ. 12ನೆಯ ಶತಮಾನದ ಶರಣರನ್ನೇ ನೋಡಿ. ಸ್ಥಾವರವನ್ನು ಅಷ್ಟು ಕಟುವಾಗಿ ಪ್ರಶ್ನಿಸಿದವರು ಕನ್ನಡದಲ್ಲಿ ಬೇರೆ ಯಾರಿದ್ದಾರೆ? ಕಲ್ಯಾಣದ ಕ್ರಾಂತಿಯ ನಂತರ ಅವರು ಚೆದುರಿಹೋದರು. ಅವರ ಮಾತು ಚೆದುರಿಹೋಗದೆ ಉಳಿದದ್ದು 15ನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ವಿರಕ್ತರು ವಚನಗಳನ್ನು ಹುಡುಕಿ, ಜೋಡಿಸಿ, ತಾಳೆಗರಿಗಳಲ್ಲಿ ಪ್ರತಿ ಮಾಡಿಸಿದ್ದರಿಂದ. ಮಠವನ್ನು ಬೇಡವೆನ್ನಲು ನಾವು ಉದ್ಧರಿಸುವ ವಚನವೂ ಮಠದ ಗಂಟಿನಿಂದಲೇ ಬಂದದ್ದೆಂಬುದನ್ನು ಮರೆಯಬಾರದು ಎಂದು ನನಗನ್ನಿಸುತ್ತದೆ.

ಮೂಡಿಗೆರೆಯ ಕಾಫಿ ತೋಟದವರು:

ಮೇಷ್ಟ್ರೇ, ನಿಮ್ಮ ವಚನದ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ತಾಳೆಗರಿಗಳನ್ನು ಮಠಗಳು ಉಳಿಸಿದವೆಂಬುದು ನಿಜ. ಆದರೆ ಬಹುಪಾಲು ಗಂಟುಗಳು ಜಗಲಿಯ ಮೇಲೆ ವಿಭೂತಿ, ಹೂವು ಏರಿಸಿಕೊಂಡು ಪೂಜೆಗೊಳ್ಳುತ್ತ ಕುಳಿತವು, ಓದಿದವರು ಬೆರಳೆಣಿಕೆಯಷ್ಟು. ಅವನ್ನು ಬಿಚ್ಚಿಸಿ, ಊರೂರು ಅಲೆದು ಸಂಗ್ರಹಿಸಿ, 1920ರ ದಶಕದಲ್ಲಿ ಅಚ್ಚು ಹಾಕಿಸಿ ಸಾಮಾನ್ಯ ಓದುಗರ ಕೈಗಿತ್ತವರು ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು. ಅವರು ಯಾವ ಪೀಠದ ಮೇಲೂ ಕುಳಿತವರಲ್ಲ, ಮುದ್ರಣಕ್ಕಾಗಿ ತಮ್ಮ ಸ್ವಂತ ಮನೆಯನ್ನು ಮಾರಿಕೊಂಡವರು. ಸಂಸ್ಥೆ ಕಾದಿಟ್ಟಿತು ಎನ್ನುವಾಗ ಯಾರಿಂದ ಕಾದಿಟ್ಟಿತು ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ.

ನಮ್ಮದೇ ಜಿಲ್ಲೆಯ ಮಾತು ಹೇಳುವುದಾದರೆ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು ಗುಡಿ, ಚರ್ಚು, ಮಸೀದಿಗಳಿಂದ ಹೊರಗೆ ಬರುವಂತೆ ಇಡೀ ನಾಡನ್ನು ಕರೆದರು. ಕರೆದು ಸುಮ್ಮನಾಗಲಿಲ್ಲ. ಮಗ ತೇಜಸ್ವಿಯವರ ಮದುವೆಯನ್ನು 1966ರಲ್ಲಿ ಕುಪ್ಪಳಿಯಲ್ಲಿ ಮಂತ್ರಮಾಂಗಲ್ಯದ ರೀತಿಯಲ್ಲಿ ನೆರವೇರಿಸಿದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಲಗ್ನ–ಮುಹೂರ್ತಗಳ ಹಂಗಿಲ್ಲ. ಗಂಡು–ಹೆಣ್ಣು ಸಮಾನರಾಗಿ ಪ್ರತಿಜ್ಞೆ ಮಾಡುತ್ತಾರೆ. ಇಂದಿಗೂ ಮಲೆನಾಡಿನಲ್ಲಿ ಹಾಗೆ ಮದುವೆಯಾಗುವವರಿದ್ದಾರೆ. ಒಂದು ಕಾಲಕ್ಕೆ ಸಂಘಟಿತ ಧರ್ಮವಿಲ್ಲದೆ ಮದುವೆಯೇ ಆಗದೆಂದು ನಂಬಿದ್ದ ಊರುಗಳಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಜಿಡ್ಡು ಕೃಷ್ಣಮೂರ್ತಿಯವರನ್ನೂ ನೆನೆಯಬೇಕು. ಅವರನ್ನು ಜಗದ್ಗುರುವೆಂದು ಮೆರೆಸಲು ಥಿಯೊಸಾಫಿಯವರು ಕಟ್ಟಿದ್ದ ನಕ್ಷತ್ರ ಸಂಘವನ್ನು ಅವರು 1929ರ ಆಗಸ್ಟ್‌ನಲ್ಲಿ ಹಾಲೆಂಡಿನ ಒಮ್ಮೆನ್‌ನಲ್ಲಿ, ಸಾವಿರಾರು ಸದಸ್ಯರ ಎದುರಿನಲ್ಲೇ ವಿಸರ್ಜಿಸಿದರು. ಸತ್ಯಕ್ಕೆ ಯಾರೂ ದಾರಿ ಹಾಕಿಕೊಡಲಾಗದು, ಹಾಕಿಕೊಟ್ಟ ದಾರಿ ಸತ್ಯಕ್ಕೆ ಮುಟ್ಟದು ಎಂಬುದೇ ಅವರ ಕಾರಣ. ಪೀಠ ತಾನಾಗಿ ಒಲಿದು ಬಂದಾಗ ಒದೆದು ಹೋದವರು ಚರಿತ್ರೆಯಲ್ಲಿ ಎಷ್ಟು ಮಂದಿ ಇದ್ದಾರು?

ಇನ್ನೊಂದು ಕಡೆ ನೋಡಿ. ಬಾಬಾಬುಡನ್‌ಗಿರಿಯ ಒಂದೇ ಗುಹೆಗೆ ದತ್ತಾತ್ರೇಯನೆಂದು ನಡೆದುಕೊಳ್ಳುವವರೂ ಬಾಬಾ ಬುಡನ್ ಎಂದು ನಡೆದುಕೊಳ್ಳುವವರೂ ತಲೆಮಾರುಗಳಿಂದ ಬಂದುಹೋಗುತ್ತಿದ್ದರು. ಹರಕೆ ಹೊತ್ತವರಿಗೆ ಅದರ ವ್ಯತ್ಯಾಸ ದೊಡ್ಡದಾಗಿ ಕಂಡಿರಲಿಲ್ಲ. ಎರಡೂ ಕಡೆ ಸಂಘಟನೆಗಳು ಬಲಗೊಂಡ ಮೇಲೆ ಆ ಜಾಗ ದಶಕಗಳಿಂದ ನ್ಯಾಯಾಲಯದ ಕಡತವಾಗಿದೆ, ದತ್ತ ಜಯಂತಿ ಬಂದರೆ ಇಡೀ ಜಿಲ್ಲೆಗೆ ಪೊಲೀಸ್ ಬಂದೋಬಸ್ತು ಬರುತ್ತದೆ. ದಾರಿಯನ್ನು ಉಳಿಸಿಕೊಡುವ ಕೆಲಸ ಇದೇ ಏನು?

ನಮ್ಮ ತೋಟದ ಹಳೆಯ ಗೋಡೌನಿನ ಒಂದು ಕೋಣೆಯಲ್ಲಿ ಭಾನುವಾರ ಕೆಲವರು ಸೇರಿ ಮೌನವಾಗಿ ಕೂರುತ್ತೇವೆ. ಅಲ್ಲಿ ಫೋಟೋ ಇಲ್ಲ, ಹುಂಡಿ ಇಲ್ಲ, ಪ್ರವಚನ ಇಲ್ಲ. ಅಷ್ಟು ಸಾಕಾಗಿದೆ.

ಹಾಸನದ ಶುಶ್ರೂಷಕಿ:

ನಾನು ಕ್ರೈಸ್ತಳು. ನಮ್ಮ ಹಿರಿಯರ ಕಡೆಯ ಮಾತೊಂದನ್ನು ಮಾತ್ರ ಸೇರಿಸುತ್ತೇನೆ. ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಚರ್ಚನ್ನು ನೋಡಲು, ಫೋಟೋ ತೆಗೆಯಲು ದೂರದೂರದಿಂದ ಜನ ಬರುತ್ತಾರೆ. 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಕಟ್ಟಡದಲ್ಲಿ ಈಗ ಪೂಜೆ ನಡೆಯುವುದಿಲ್ಲ. ನೀರು ಬಂದಾಗ ಊರಿನವರು ಬೇರೆಡೆಗೆ ಹೋದರು. ಹೋದಲ್ಲಿ ಬಲಿಪೂಜೆ, ನಾಮಕರಣ, ಮದುವೆ, ಸಮಾಧಿ ಎಲ್ಲವನ್ನೂ ಮುಂದುವರಿಸಿದರು. ಸಂಘಟಿತ ಧರ್ಮವೆಂದ ಕೂಡಲೇ ನಾವು ಕಟ್ಟಡವನ್ನು ಕಾಣುತ್ತೇವೆ, ಹುಂಡಿಯನ್ನು ಕಾಣುತ್ತೇವೆ. ಹಿನ್ನೀರು ನುಂಗಿದ್ದು ಕಟ್ಟಡವನ್ನು, ಸಭೆಯನ್ನಲ್ಲ.

ಆಸ್ಪತ್ರೆಯಲ್ಲಿ ನಾನು ಕಾಣುವುದೇನೆಂದರೆ, ರಾತ್ರಿ ಪಾಳಿಯಲ್ಲಿ ಒಬ್ಬರು ತೀರಿಕೊಂಡರೆ, ಯಾವುದಾದರೊಂದು ಮತದ ಜೊತೆ ಒಡನಾಟವಿರುವ ಮನೆಯವರು ಒಂದು ಫೋನು ಮಾಡುತ್ತಾರೆ, ಬೆಳಗಾಗುವಷ್ಟರಲ್ಲಿ ಹೆಗಲು ಕೊಡುವವರು ಬಂದಿರುತ್ತಾರೆ. ಎಲ್ಲವನ್ನೂ ಬಿಟ್ಟೆವೆನ್ನುವ ಮನೆಯವರು ವಾರ್ಡಿನ ಹೊರಗೆ ನಿಂತು, ಮುಂದೆ ಏನು ಮಾಡಬೇಕೆಂದು ನಮ್ಮನ್ನೇ ಕೇಳುತ್ತಾರೆ. ತೋಟದವರ ಭಾನುವಾರದ ಮೌನ ಒಳ್ಳೆಯದೇ ಇರಬಹುದು. ಆದರೆ ಆ ಕೋಣೆಗೆ ಬರುವ ಒಬ್ಬರು ಸತ್ತರೆ ಉಳಿದವರು ಏನು ಮಾಡುವುದೆಂದು ಮಾತಾಡಿಕೊಂಡಿದ್ದೀರಾ?

ಬೆಳಗೊಳದ ಶ್ರಾವಕ:

ಮೇಷ್ಟ್ರು ಬಾಹುಬಲಿಯಿಂದ ಆರಂಭಿಸಿದ್ದರಿಂದ ನಾನು ಬರೆಯಲೇಬೇಕಾಯಿತು. ನಮ್ಮ ಜೈನರಲ್ಲಿ ಹೇಳುವ ಕಥೆಯಲ್ಲಿ ಬಾಹುಬಲಿಗೆ ಒಂದು ವರ್ಷ ಹಾಗೆ ನಿಂತರೂ ಕೇವಲಜ್ಞಾನ, ಅಂದರೆ ಪರಿಪೂರ್ಣ ಜ್ಞಾನ, ಆಗುವುದಿಲ್ಲ. ತಾನು ನಿಂತಿರುವ ನೆಲ ಅಣ್ಣ ಭರತನದು ಎಂಬ ಒಂದು ಕಸಿವಿಸಿ ಮನಸ್ಸಿನ ಮೂಲೆಯಲ್ಲಿ ಉಳಿದಿತ್ತು. ಭರತನೇ ಬಂದು ನಮಸ್ಕರಿಸಿ ಅದನ್ನು ಕಳೆದ ಮೇಲೆ ಜ್ಞಾನವಾಯಿತು. ಅಷ್ಟು ಉಗ್ರವಾದ ಏಕಾಂತವೂ ಇನ್ನೊಬ್ಬರು ಬಂದು ನಿಲ್ಲುವವರೆಗೆ ಪೂರ್ಣವಾಗಲಿಲ್ಲವೆಂಬುದನ್ನು ಸ್ವತಂತ್ರ ಸಾಧಕರು ಗಮನಿಸಬೇಕು. ಹಾಗೆಯೇ, ಬಂದವನು ಅಧಿಕಾರ ಹಿಡಿದು ಬರಲಿಲ್ಲ, ತಲೆಬಾಗಿ ಬಂದನೆಂಬುದನ್ನು ಮಠದ ಪರವಾಗಿ ಮಾತಾಡುವವರೂ ಗಮನಿಸಬೇಕು.

ಸಾಧನೆಗಳಲ್ಲೆಲ್ಲ ಅತ್ಯಂತ ಖಾಸಗಿಯಾದದ್ದು ಯಾವುದೆಂದು ಕೇಳಿದರೆ ನಾನು ಸಲ್ಲೇಖನವೆನ್ನುತ್ತೇನೆ, ಅಂದರೆ ಆಹಾರವನ್ನು ಹಂತಹಂತವಾಗಿ ಬಿಟ್ಟು ದೇಹ ತೊರೆಯುವ ವ್ರತ. ತನ್ನ ದೇಹ, ತನ್ನ ಕೊನೆ. ಅದರಲ್ಲಿ ಇನ್ನೊಬ್ಬರ ಪಾಲೇನಿದೆ ಎನ್ನಿಸಬಹುದು. ಚಿಕ್ಕಬೆಟ್ಟದ ಬಂಡೆಗಳ ಮೇಲೆ 7ನೆಯ ಶತಮಾನದಿಂದಲೂ ಹಾಗೆ ದೇಹ ತೊರೆದವರ ಶಾಸನಗಳಿವೆ. ಮುನಿಗಳು, ಆರ್ಯಿಕೆಯರು (ಸನ್ಯಾಸಿನಿಯರು), ಗೃಹಸ್ಥರು ಎಲ್ಲರೂ ಅದರಲ್ಲಿ ಇದ್ದಾರೆ. ಆದರೆ ಸಲ್ಲೇಖನವನ್ನು ಮನಸ್ಸಿಗೆ ಬಂದಂತೆ ಕೈಗೊಳ್ಳುವಂತಿಲ್ಲ. ಗುರುವಿನ ಅನುಮತಿ ಬೇಕು. ಬೇಸರದಿಂದಲೋ, ಮನೆಯವರ ಮೇಲಿನ ಕೋಪದಿಂದಲೋ, ಸಾಲದಿಂದಲೋ ಬಂದವರನ್ನು ಗುರುವಾದವನು ಹಿಂದಕ್ಕೆ ಕಳುಹಿಸಬೇಕು. ಒಪ್ಪಿದ ಮೇಲೆ ಕೊನೆಯವರೆಗೆ ಜೊತೆಗಿದ್ದು ನೋಡಿಕೊಳ್ಳುವ ಆಚಾರ್ಯರಿರಬೇಕು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪು ಕೊಟ್ಟಾಗ, ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಕಾನೂನಿನ ಪ್ರಶ್ನೆಯನ್ನು ಬದಿಗಿಟ್ಟು ನೋಡಿದರೂ, ಸಂಸ್ಥೆಯ ಕೆಲಸ ಇಲ್ಲಿ ಪ್ರೋತ್ಸಾಹಿಸುವುದಕ್ಕಿಂತ ಹೆಚ್ಚಾಗಿ ತಡೆಯುವುದು. ಏಕಾಂತದ ಸಾಧಕನಿಗೆ "ಬೇಡ, ಈಗ ನೀನು ಸರಿಯಿಲ್ಲ, ಮನೆಗೆ ಹೋಗು" ಎಂದು ಹೇಳುವವರು ಯಾರು? ಮೊಬೈಲಿನಲ್ಲಿ ಧ್ಯಾನ ಹೇಳಿಕೊಡುವ ಧ್ವನಿಗೆ ಎದುರಿಗೆ ಕುಳಿತವರ ಮುಖ ಕಾಣುವುದಿಲ್ಲ.

ಬಾಬಾಬುಡನ್‌ಗಿರಿಯ ಮಾತಿಗೂ ನಮ್ಮೂರಿನಲ್ಲೊಂದು ಎದುರು ನಿದರ್ಶನವಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ, ಜೈನರು ವಿಜಯನಗರದ ಬುಕ್ಕರಾಯನಿಗೆ ದೂರು ಕೊಟ್ಟರು. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೂ ಇದೆಯೆಂದು ಒಪ್ಪಿಸಿ, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿ ರಾಜಿ ಮಾಡಿಸಿದ. ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡುವುದು, ಅದರಲ್ಲಿ ಬೆಳಗೊಳದ ದೇವರಿಗೆ 20 ಕಾವಲಿನವರನ್ನು ತಿರುಮಲೆಯ ತಾತಯ್ಯನವರು ನೇಮಿಸುವುದು, ಮಿಕ್ಕ ಹಣದಲ್ಲಿ ಪಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸುವುದು ಎಂದು ಕಲ್ಲಿನ ಮೇಲೆ ಬರೆಸಲಾಯಿತು. ಜಗಳವಾಡಿದ್ದು ಸಂಘಟಿತ ಧರ್ಮಗಳೇ, ಸರಿ. ಕೈ ಹಿಡಿಸಲು ಸಾಧ್ಯವಾದದ್ದೂ ಎರಡೂ ಕಡೆ ಮಾತು ಕೊಡಬಲ್ಲ, ಕೊಟ್ಟ ಮಾತಿಗೆ ಹೊಣೆಯಾಗಬಲ್ಲ ಸಂಸ್ಥೆಗಳಿದ್ದುದರಿಂದ.

ಗುಳ್ಳಕಾಯಜ್ಜಿಯನ್ನು ಮರೆಯಲಾರೆ. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ಸೊಂಟದಿಂದ ಕೆಳಗಿಳಿಯಲಿಲ್ಲ. ಗುಳ್ಳಕಾಯಿಯ ಚಿಪ್ಪಿನಲ್ಲಿ ಅಜ್ಜಿ ತಂದ ಹಾಲು ಪಾದ ಮುಟ್ಟಿತು ಎನ್ನುತ್ತಾರೆ. ಕಟ್ಟಿಸಿದ ಮಂತ್ರಿಯ ಗರ್ವವನ್ನು ಮುರಿದ ಆ ಹೆಂಗಸನ್ನು ಕಲ್ಲಿನಲ್ಲಿ ಕಡೆದು ಬಾಹುಬಲಿಯ ಎದುರಿನಲ್ಲೇ ನಿಲ್ಲಿಸಿದ್ದಾರೆ. ತನ್ನ ಮೇಲಿನ ಆಕ್ಷೇಪಣೆಯನ್ನು ತನ್ನ ಬಾಗಿಲಲ್ಲೇ ನಿಲ್ಲಿಸಿಕೊಳ್ಳುವ ಧರ್ಮವನ್ನು ನಾನು ಅಷ್ಟು ಬೇಗ ಬಿಡಲಾರೆ.

ಹೊಳೆನರಸೀಪುರದಿಂದ ಒಬ್ಬ ಕಾರ್ಯಕರ್ತ:

ಇಲ್ಲಿಯವರೆಗೆ ಬರೆದವರೆಲ್ಲರೂ ಒಳಗಿದ್ದು ಇರುವುದೋ ಹೊರಗೆ ಹೋಗುವುದೋ ಎಂದು ಯೋಚಿಸುತ್ತಿದ್ದಾರೆ. ಒಳಗೇ ಬಿಡದವರ ಕಡೆಯಿಂದ ಈ ಪ್ರಶ್ನೆ ಹೇಗೆ ಕಾಣುತ್ತದೆಂದು ಹೇಳುತ್ತೇನೆ. 2015ರಲ್ಲಿ ನಮ್ಮ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಂಗಸರು ದೇವಸ್ಥಾನದೊಳಗೆ ಹೋದರೆಂದು ದಂಡ ಹಾಕಿದ ಸುದ್ದಿಯನ್ನು ರಾಜ್ಯವೆಲ್ಲ ಓದಿತು. ಸಂವಿಧಾನ ಜಾರಿಯಾಗಿ 65 ವರ್ಷಗಳಾಗಿದ್ದವು. ಬೆಟ್ಟದ ಮೇಲೆ ಅಜ್ಜಿಯ ವಿಗ್ರಹವಿರುವುದು ಸಂತೋಷ. ಊರೊಳಗಿನ ಗುಡಿಯ ಮುಂದೆ ಜೀವಂತ ಅಜ್ಜಿಯರು ಯಾವ ಗೆರೆಯ ಆಚೆ ನಿಲ್ಲುತ್ತಾರೆಂಬುದನ್ನೂ ಶ್ರಾವಕರು ನೋಡಬೇಕು.

ಆದ್ದರಿಂದ ನಾನು ತೋಟದವರ ಪಕ್ಷ ವಹಿಸುತ್ತೇನೆಂದು ನೀವು ಭಾವಿಸಬಹುದು. ವಹಿಸುವುದಿಲ್ಲ. ನಮ್ಮನ್ನು ಗುಡಿಯ ಹೊರಗಿಟ್ಟವರೇ ಶತಮಾನಗಳಿಂದ ನಮಗೆ ಹೇಳಿಕೊಂಡು ಬಂದ ಸಮಾಧಾನವೆಂದರೆ "ದೇವರು ಎಲ್ಲ ಕಡೆ ಇದ್ದಾನೆ, ಮನಸ್ಸಿನಲ್ಲೇ ನೆನೆದರೆ ಸಾಕು" ಎಂಬುದು. ನಿಮ್ಮ ಸ್ವತಂತ್ರ ಅಧ್ಯಾತ್ಮ ನಮಗೆ ಹೊಸತಲ್ಲ. ಅದನ್ನು ನಾವು ಆರಿಸಿಕೊಳ್ಳಲಿಲ್ಲ, ನಮ್ಮ ಪಾಲಿಗೆ ಬಿಟ್ಟಿದ್ದೇ ಅಷ್ಟು.

ಬಾಬಾಸಾಹೇಬರು ಏನು ಮಾಡಿದರೆಂದು ನೋಡಿ. 1930ರಲ್ಲಿ ನಾಸಿಕದ ಕಾಳಾರಾಮ ಮಂದಿರದ ಎದುರು ಸತ್ಯಾಗ್ರಹ ಮಾಡಿಸಿದರು. ಬಾಗಿಲು ತೆರೆಯಲಿಲ್ಲ. 1935ರಲ್ಲಿ ಯೇವಲೆಯಲ್ಲಿ ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿದರು. ಅಂಥ ಓದು, ಅಂಥ ಬುದ್ಧಿ ಇದ್ದ ಮನುಷ್ಯ ಅಲ್ಲಿಗೇ ನಿಲ್ಲಬಹುದಿತ್ತು. ಮನೆಯ ಗ್ರಂಥಾಲಯದಲ್ಲಿ ಕುಳಿತು ಬುದ್ಧನನ್ನು ಓದುತ್ತ ತಮ್ಮಷ್ಟಕ್ಕೆ ತಾವು ನೆಮ್ಮದಿಯಿಂದ ಇರಬಹುದಿತ್ತು. ಅವರು ಇಪ್ಪತ್ತೊಂದು ವರ್ಷ ಯೋಚಿಸಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ದೀಕ್ಷೆ ಪಡೆದರು. ಹಿರಿಯ ಭಿಕ್ಷುವಿನಿಂದ ತ್ರಿಶರಣ, ಪಂಚಶೀಲ ಸ್ವೀಕರಿಸಿದರು, ಜನರಿಗೆ ತಾವೇ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಬುದ್ಧ, ಧಮ್ಮಗಳ ಜೊತೆಗೆ ಸಂಘಕ್ಕೂ ಶರಣೆಂದರು. ಜಾತಿಯಂಥ ಸಂಘಟಿತ ಅನ್ಯಾಯವನ್ನು ಒಬ್ಬೊಬ್ಬರೇ ಕಣ್ಣು ಮುಚ್ಚಿ ಕುಳಿತು ಎದುರಿಸಲಾಗದೆಂದು ಅವರು ಕಂಡುಕೊಂಡಿದ್ದರೆಂದು ನಾನು ತಿಳಿದಿದ್ದೇನೆ.

ತೋಟದವರಿಗೆ ಒಂದು ನೇರ ಪ್ರಶ್ನೆ. ನಿಮ್ಮ ತೋಟದ ಕೂಲಿಯವರಿರುವ ಲೈನ್ ಮನೆಗಳಿಂದ ಯಾರಾದರೂ ಆ ಭಾನುವಾರದ ಕೋಣೆಗೆ ಬಂದು ಕೂರುತ್ತಾರೆಯೇ?

ತುಂಗಾ ತೀರದ ವಿದ್ಯಾರ್ಥಿ:

ಶೃಂಗೇರಿಯ ಕಡೆಯವನಾಗಿ ಒಂದು ವಿಚಾರ ಹೇಳಬಯಸುತ್ತೇನೆ. ಸಂಘಟಿತ ಧರ್ಮ ಒಂದು ಕಡೆ, ಸ್ವತಂತ್ರ ಅಧ್ಯಾತ್ಮ ಇನ್ನೊಂದು ಕಡೆ ಎಂದು ಗೆರೆ ಎಳೆದರೆ, ಅದ್ವೈತ ಸಂಪ್ರದಾಯ ಎತ್ತ ಬೀಳುತ್ತದೆಂದು ಹೇಳುವುದು ಕಷ್ಟ. ಶಂಕರರ ಪ್ರಕಾರ ಮೋಕ್ಷಕ್ಕೆ ಜ್ಞಾನವೊಂದೇ ಸಾಧನ. ಕರ್ಮ, ಪೂಜೆಗಳು ಚಿತ್ತಶುದ್ಧಿಯವರೆಗೆ ಮಾತ್ರ. ಸನ್ಯಾಸ ಸ್ವೀಕರಿಸುವವನು ಶಿಖೆ, ಯಜ್ಞೋಪವೀತ, ಅಗ್ನಿಕಾರ್ಯ ಎಲ್ಲವನ್ನೂ ಬಿಡುತ್ತಾನೆ, ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳುತ್ತಾನೆ. ಸಂಘಟಿತ ಧರ್ಮದಿಂದ ಹೊರಗೆ ಹೋಗುವ ಬಾಗಿಲನ್ನು ಸಂಘಟಿತ ಧರ್ಮವೇ ವಿಧಿಪೂರ್ವಕವಾಗಿ ಇಟ್ಟುಕೊಂಡಿದೆ.

ಆದರೆ ಹಾಗೆ ಹೊರಗೆ ಹೋದವರೇ ಪೀಠಾಧಿಪತಿಗಳಾಗಿ ನವರಾತ್ರಿಯ ದರ್ಬಾರಿನಲ್ಲಿ ಕಿರೀಟ ಧರಿಸಿ ಕೂರುತ್ತಾರೆ, ಪಾಠಶಾಲೆ ನಡೆಸುತ್ತಾರೆ, ದಿನವೂ ಬಂದವರಿಗೆ ಊಟ ಹಾಕಿಸುತ್ತಾರೆ. ಜರ್ಮನಿಯ ಮ್ಯಾಕ್ಸ್ ವೆಬರ್ ಎತ್ತಿದ ಪ್ರಶ್ನೆ ಇದೇ: ಮೊದಲ ಗುರುವಿನ ವ್ಯಕ್ತಿತ್ವದಲ್ಲಿದ್ದ ಶಕ್ತಿ ಅವನ ನಂತರ ಎಲ್ಲಿ ನೆಲೆಸಬೇಕು? ಶೃಂಗೇರಿ ಅದಕ್ಕೆ ಕಂಡುಕೊಂಡ ಉತ್ತರ, ಗುರು ತಾನಿರುವಾಗಲೇ ಒಬ್ಬ ಶಿಷ್ಯನನ್ನು ಆರಿಸಿ ಸನ್ಯಾಸ ಕೊಡುವುದು. 2015ರ ಜನವರಿಯಲ್ಲಿ ನಾವು ಅದನ್ನು ಕಂಡೆವು. ಅಂಥ ಮುಂದುವರಿಕೆ ಇದ್ದುದರಿಂದಲೇ 1791ರಲ್ಲಿ ಮರಾಠಾ ಸೈನ್ಯದವರು ಮಠವನ್ನು ಲೂಟಿ ಮಾಡಿ ಶಾರದೆಯ ಮೂರ್ತಿಗೆ ಹಾನಿ ಮಾಡಿದಾಗ, ಸ್ವಾಮಿಗಳು ಬರೆದ ಪತ್ರಕ್ಕೆ ಟಿಪ್ಪು ಸುಲ್ತಾನ ಉತ್ತರಿಸಿ, ಮೂರ್ತಿಯ ಪುನಃಪ್ರತಿಷ್ಠೆಗೆ ಧನಧಾನ್ಯ ಕೊಡಿಸಿದ. ಅವನು ಕನ್ನಡದಲ್ಲಿ ಬರೆಸಿದ ಪತ್ರಗಳು ಮಠದ ಕಡತದಲ್ಲಿ ಉಳಿದಿದ್ದವು. ಯಾವ ವಿಳಾಸವೂ ಇಲ್ಲದ ಸಾಧಕನಿಗೆ ಯಾವ ಸುಲ್ತಾನ ಪತ್ರ ಬರೆಯಬೇಕು?

ತೋಟದವರಿಗೆ ಒಂದು ಸಣ್ಣ ಮಾಹಿತಿ: ಕುವೆಂಪು ಅವರು ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ವಾಸವಾಗಿದ್ದವರು, ರಾಮಕೃಷ್ಣ ಮಠದ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದವರು.

ಮೂಡಿಗೆರೆಯ ಕಾಫಿ ತೋಟದವರು:

ಕುವೆಂಪು ಅವರ ದೀಕ್ಷೆಯ ವಿಷಯ ನನಗೆ ಗೊತ್ತಿದೆ. ದೀಕ್ಷೆ ಪಡೆದವರೂ ಆಮೇಲೆ ಅಷ್ಟು ದೂರ ನಡೆಯಬಹುದು ಎಂಬುದನ್ನಷ್ಟೇ ಅದು ತೋರಿಸುತ್ತದೆ. ಏಣಿಯನ್ನು ಹತ್ತಿದವನು ಮಾಳಿಗೆಯ ಮೇಲೂ ಏಣಿಯನ್ನು ಹೊತ್ತು ತಿರುಗಬೇಕೆಂದಿಲ್ಲ.

ಹೊಳೆನರಸೀಪುರದವರ ಪ್ರಶ್ನೆಗೆ ಉತ್ತರ: ಲೈನ್ ಮನೆಯವರು ಬರುವುದಿಲ್ಲ. ಬರಬೇಡಿ ಎಂದು ಯಾರೂ ಹೇಳಿಲ್ಲ, ಬಾಗಿಲು ತೆರೆದೇ ಇರುತ್ತದೆ. ಅವರಿಗೆ ಭಾನುವಾರ ಸಂತೆಯ ದಿನ. ಅದಲ್ಲದೆ ಅವರದೇ ಗುಳಿಗ, ಪಂಜುರ್ಲಿ, ಚೌಡಿಯ ಕಟ್ಟೆಗಳಿವೆ, ವರ್ಷಕ್ಕೊಮ್ಮೆ ಕೋಲ, ಹರಕೆ ಇದೆ. ಅವರ ನಡಾವಳಿಯಲ್ಲಿ ನಾನು ಕೈಹಾಕುವುದಿಲ್ಲ, ನನ್ನ ಮೌನಕ್ಕೆ ಅವರನ್ನು ಎಳೆಯುವುದೂ ಇಲ್ಲ. ಮಾಲೀಕನಾದವನು ಕರೆದರೆ ಅದು ಕರೆಯಾಗಿ ಉಳಿಯುತ್ತದೆಯೇ?

ಶುಶ್ರೂಷಕಿಯವರು ಕೇಳಿದ್ದು ನಿಜವಾಗಿ ಗಟ್ಟಿಯಾದ ಪ್ರಶ್ನೆ. ನಮ್ಮಲ್ಲೊಬ್ಬರು ಹೋದ ವರ್ಷ ತೀರಿಕೊಂಡರು. ಅವರ ಮನೆಯವರು ತಮ್ಮ ಕ್ರಮದಂತೆ ಹಾಲುತುಪ್ಪ, ತಿಥಿ ಎಲ್ಲವನ್ನೂ ಮಾಡಿದರು. ನಾವು ಹೋಗಿ ಊಟ ಮಾಡಿ ಬಂದೆವು. ಯಾರಿಗೂ ಅಡ್ಡಿಯೆನ್ನಿಸಲಿಲ್ಲ.

ಸಕಲೇಶಪುರದ ವಕೀಲೆ:

ತೋಟದವರ ಕೊನೆಯ ಸಾಲುಗಳನ್ನು ಓದಿದಾಗ, ಅವರ ಮೌನದ ಕೋಣೆಗೆ ಸಾವಿನ ಹೊಣೆಯನ್ನು ಇನ್ನೊಂದು ಸಂಘಟಿತ ಧರ್ಮವೇ ಹೊರುತ್ತಿದೆಯೆಂದು ನನಗನ್ನಿಸಿತು. ಅದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ವ್ಯವಸ್ಥೆ ಹೀಗೆಯೇ ನಡೆಯುತ್ತದೆ.

ನಮ್ಮ ಸಂವಿಧಾನ ಈ ಎರಡನ್ನೂ ಬೇರೆಬೇರೆಯಾಗಿಯೇ ಕಂಡಿದೆ. 25ನೆಯ ವಿಧಿ ವ್ಯಕ್ತಿಯ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕೊಡುತ್ತದೆ, 26ನೆಯ ವಿಧಿ ಪಂಥಗಳಿಗೆ ತಮ್ಮ ಸಂಸ್ಥೆಗಳನ್ನು ನಡೆಸುವ ಹಕ್ಕನ್ನು ಕೊಡುತ್ತದೆ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1954ರಲ್ಲಿ, ಧರ್ಮದ ವಿಷಯಗಳಲ್ಲಿ ಪಂಥದ ಸ್ವಾಯತ್ತತೆ ಬೇರೆ, ಆಸ್ತಿಪಾಸ್ತಿಯ ಆಡಳಿತ ಬೇರೆ, ಎರಡನೆಯದನ್ನು ಕಾನೂನಿನ ಮೂಲಕ ನಿಯಂತ್ರಿಸಬಹುದು ಎಂದಿತು. ದಲಿತರಿಗೆ ದೇವಸ್ಥಾನದ ಬಾಗಿಲು ಮುಚ್ಚಿದರೆ ದೂರು ಕೊಡಲು, ಮೊಕದ್ದಮೆ ಹೂಡಲು ಸಾಧ್ಯವಿರುವುದು ಅದು ಸಾರ್ವಜನಿಕ ಸಂಸ್ಥೆಯೆಂದು ಕಾನೂನು ಗುರುತಿಸಿರುವುದರಿಂದ. ನಮ್ಮ ರಾಜ್ಯದ ಧಾರ್ಮಿಕ ದತ್ತಿ ಕಾಯ್ದೆ 1997ರದ್ದು, ಜಾರಿಯಾದದ್ದು 2003ರಲ್ಲಿ. ವರ್ಷಕ್ಕೆ 25 ಲಕ್ಷ ರೂಪಾಯಿ ಮೀರಿ ಆದಾಯವಿರುವ ಮುಜರಾಯಿ ದೇವಸ್ಥಾನಗಳು 'ಎ' ವರ್ಗ, 5ರಿಂದ 25 ಲಕ್ಷದವರೆಗಿನವು 'ಬಿ', ಉಳಿದವು 'ಸಿ'. ಮಠಗಳು ಈ ಕಾಯ್ದೆಯ ಹೊರಗಿವೆ; ಅದು ಸರಿಯೇ ಎಂಬುದು ಬೇರೆಯೇ ಚರ್ಚೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ದೀಪಾವಳಿಯ ಹೊತ್ತಿಗೆ ತೆರೆದಾಗ ವಿಶೇಷ ದರ್ಶನದ ಟಿಕೆಟ್ಟಿನ ಬಗ್ಗೆ, ಸಾಲಿನ ನೂಕುನುಗ್ಗಲಿನ ಬಗ್ಗೆ ನಾವೆಲ್ಲ ಬೈಯುತ್ತೇವೆ. ಬೈಯಲು ಅಲ್ಲೊಬ್ಬ ಅಧಿಕಾರಿ ಇದ್ದಾರೆ, ಹುಂಡಿ ಎಣಿಸಿದ ಲೆಕ್ಕ ಮರುದಿನ ಪತ್ರಿಕೆಯಲ್ಲಿ ಬರುತ್ತದೆ.

ಸಂಸ್ಥೆಯನ್ನು ಪ್ರಶ್ನಿಸಬಹುದು. ಸಂಸ್ಥೆಯಿಲ್ಲವೆನ್ನುವವರನ್ನು ಪ್ರಶ್ನಿಸುವುದು ಕಷ್ಟ. ನನ್ನ ಬಳಿಗೆ ಬರುವ ಪ್ರಕರಣಗಳಲ್ಲಿ, "ನಮ್ಮದು ಮತವಲ್ಲ, ಬರೀ ಅಧ್ಯಾತ್ಮ" ಎನ್ನುವ ಶಿಬಿರಗಳಲ್ಲಿ ಹಣವನ್ನೋ ಮಾನವನ್ನೋ ಕಳೆದುಕೊಂಡವರೂ ಇದ್ದಾರೆ. ಅಲ್ಲಿ ಸಮಿತಿಯಿಲ್ಲ, ರಸೀತಿಯಿಲ್ಲ, ಮಠದ ಹಿರಿಯರೆಂದು ಕರೆಯಲು ಯಾರೂ ಇಲ್ಲ. ಕೃಷ್ಣಮೂರ್ತಿಯವರು ಸಂಘವನ್ನು ವಿಸರ್ಜಿಸಿದ್ದು ದೊಡ್ಡ ನಡೆ, ಒಪ್ಪುತ್ತೇನೆ; ಅವರ ಶಾಲೆಗಳನ್ನು, ಮಾತುಗಳನ್ನು ಇಂದು ನೋಡಿಕೊಳ್ಳುತ್ತಿರುವುದು ನೋಂದಾಯಿತ ಪ್ರತಿಷ್ಠಾನಗಳೇ.

ತೋಟದವರೇ, ಆ ಗೋಡೌನಿನ ಕೋಣೆ ನಿಮ್ಮ ಹೆಸರಿನಲ್ಲಿದೆ. ಏಳು ಜನ ಸೇರಿದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸಂಘ ಮಾಡಿಕೊಳ್ಳಬಹುದು. ಸರ್ವಸದಸ್ಯರ ಸಭೆ, ವಾರ್ಷಿಕ ಲೆಕ್ಕಪತ್ರ, ಸದಸ್ಯತ್ವಕ್ಕೆ ಜಾತಿಯ ತಡೆಯಿಲ್ಲವೆಂಬ ನಿಯಮ, ಇಷ್ಟನ್ನು ಬರೆದಿಟ್ಟರೆ ನಿಮ್ಮ ನಂತರವೂ ಕೂರುವವರಿಗೆ ಜಾಗವಿರುತ್ತದೆ.

ಮೂಡಿಗೆರೆಯ ಕಾಫಿ ತೋಟದವರು:

ಸಲಹೆಗೆ ಕೃತಜ್ಞತೆಗಳು, ಮೇಡಂ. ನೋಂದಣಿ ಮಾಡಿಸುವುದಿಲ್ಲ. ಅಧ್ಯಕ್ಷರಾಗಬೇಕೆಂದು ಮೊದಲ ಜಗಳ ಯಾವಾಗ ಬರುತ್ತದೆಂದು ನನಗೆ ಗೊತ್ತಿದೆ. ನಮ್ಮ ಭಾಗದ ಬೆಳೆಗಾರರ ಸಂಘಗಳನ್ನು ನೋಡಿದ್ದೇನೆ. ನಾನು ಇಲ್ಲವಾದ ಮೇಲೆ ಮಕ್ಕಳು ಆ ಕೋಣೆಯಲ್ಲಿ ಮತ್ತೆ ಕಾಫಿ ಮೂಟೆ ಜೋಡಿಸಿದರೆ ನನ್ನ ಆಕ್ಷೇಪವಿಲ್ಲ. ಎಲ್ಲವೂ ಉಳಿಯಲೇಬೇಕೆಂಬುದು ಸಂಘಟಿತ ಧರ್ಮದ ಹಂಬಲ. ಆ ಹಂಬಲವನ್ನು ನಾನು ಹಂಚಿಕೊಳ್ಳುವುದಿಲ್ಲ.

ಚನ್ನರಾಯಪಟ್ಟಣದ ಮೇಷ್ಟ್ರು:

ತೋಟದವರು ತಮ್ಮ ನಿಲುವಿಗೆ ಬೆಲೆ ತೆರಲು ಸಿದ್ಧರಿದ್ದಾರೆ, ಅದು ನನಗೆ ಮೆಚ್ಚುಗೆಯಾಯಿತು. ಸ್ವತಂತ್ರ ಅಧ್ಯಾತ್ಮದವರಲ್ಲಿ ಬಹಳಷ್ಟು ಮಂದಿ ಬಿಡುವುದನ್ನೂ ಒಪ್ಪುವುದಿಲ್ಲ, ಉಳಿಸುವ ಕಷ್ಟವನ್ನೂ ಪಡುವುದಿಲ್ಲ. ಆದರೂ ನನ್ನ ಮೊದಲ ಮಾತನ್ನು ಬದಲಿಸುವುದಿಲ್ಲ. ಹೊಳೆನರಸೀಪುರದವರು ಹೇಳಿದ್ದರಿಂದ ಅದಕ್ಕೊಂದು ಷರತ್ತನ್ನು ಮಾತ್ರ ಸೇರಿಸುತ್ತೇನೆ: ದಾರಿಯನ್ನು ಕಾಯುತ್ತೇನೆನ್ನುವ ಸಂಸ್ಥೆ ಆ ದಾರಿಯಲ್ಲಿ ನಡೆಯಲು ಬಂದವರನ್ನು ತಡೆದರೆ, ಅದು ತನ್ನ ಇರವಿಗೆ ಇದ್ದ ಒಂದೇ ಕಾರಣವನ್ನೂ ಕಳೆದುಕೊಂಡಂತೆ.

ಹೊಳೆನರಸೀಪುರದಿಂದ ಒಬ್ಬ ಕಾರ್ಯಕರ್ತ:

ಮೇಷ್ಟ್ರ ಷರತ್ತನ್ನು ಒಪ್ಪುತ್ತೇನೆ. ತೋಟದವರ ಪ್ರಾಮಾಣಿಕತೆಯನ್ನೂ ಒಪ್ಪುತ್ತೇನೆ. ಆದರೆ ಗೋಡೌನು ಇರುವವರಿಗೆ ಗೋಡೌನನ್ನು ಬಿಟ್ಟುಕೊಡುವ ಮಾತು ಹಗುರ. ನಮ್ಮ ಕೇರಿಯ ಅಂಬೇಡ್ಕರ್ ಭವನಕ್ಕೆ ಜಾಗ ಮಂಜೂರಾಗಲು ನಮ್ಮ ಹಿರಿಯರು ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದಾರೆ. ಅಲ್ಲಿ ಈಗ ಭಾನುವಾರ ಸಂಜೆ ಬುದ್ಧವಂದನೆ ನಡೆಯುತ್ತದೆ, ಅದಾದ ಮೇಲೆ ಮಕ್ಕಳಿಗೆ ಪಾಠ. ವಕೀಲರು ಹೇಳಿದ ನೋಂದಣಿ ನಮ್ಮಲ್ಲಿ ಆಗಿದೆ. ಅಧ್ಯಕ್ಷರ ಜಗಳವೂ ಆಗಿದೆ, ಎರಡು ಸಲ. ಬೀಗದ ಕೈ ಯಾರ ಮನೆಯಲ್ಲಿರಬೇಕೆಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆದಿದ್ದೇವೆ, ಈ ವರ್ಷ ಅದು ಒಬ್ಬ ಹೆಣ್ಣುಮಗಳ ಮನೆಯಲ್ಲಿದೆ. ತೋಟದವರು ಈ ಕಡೆ ಬಂದರೆ ಬಂದು ಕೂರಬಹುದು. ಹಾಜರಿ ಪುಸ್ತಕದಲ್ಲಿ ಸಹಿ ಮಾತ್ರ ಹಾಕಬೇಕಾಗುತ್ತದೆ.